ಮೆಜೆಸ್ಟಿಕ್‌ನಲ್ಲಿ ಮೆಜೆಸ್ಟಿಕ್ ಎಲ್ಲಿದೆ?

ಪ್ರಶ್ನೆ: ಬೆಂಗಳೂರಿನ ಬಸ್ ಸ್ಟ್ಯಾಂಡಿಗೆ ‘ಮೆಜೆಸ್ಟಿಕ್’ ಅಂತ ಹೆಸರಿಟ್ಟವರು ಬ್ರಿಟಿಷರಂತೆ, ನಿಜವೇ?

ಸುಳ್ಳು. ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದೆಲೆಯವರೂ ಇದನ್ನೇ ಕೇಳಿದ್ದಾರೆ. ಮೆಜೆಸ್ಟಿಕ್ ಅನ್ನೋದು ಕೆಂಪೇಗೌಡ ರಸ್ತೆಯ ಆಸುಪಾಸಿನಲ್ಲಿದ್ದ ಒಂದು ಟಾಕೀಸಿನ ಹೆಸರು. ಟಾಕೀಸಿನಿಂದ ಜಾಗಕ್ಕೆ ಹೆಸರು ಬಂತು, ಜಾಗದಿಂದ ಬಸ್ ಸ್ಟ್ಯಾಂಡಿಗೆ. ಟಾಕೀಸು ಮಾತ್ರ ಹೋಯಿತು.

ಇಷ್ಟಕ್ಕೇ ಬಿಡಬಹುದಿತ್ತು. ಬಿಟ್ಟರೆ ಮುಂದಿನ ವಾರ ಅದೇ ವಾಟ್ಸಾಪ್ ಸಂದೇಶ ಮತ್ತೆ ಬರುತ್ತದೆ: ಯಾರೋ ದೊರೆ ಕುದುರೆ ಮೇಲೆ ಬಂದನಂತೆ, ಬಸ್ ಸ್ಟ್ಯಾಂಡಿನ ವೈಭವ ನೋಡಿ ‘ಮೆಜೆಸ್ಟಿಕ್!’ ಅಂದನಂತೆ.

ಯಾವ ಬಸ್ ಸ್ಟ್ಯಾಂಡ್ ಸ್ವಾಮಿ? ಅದು ಧರ್ಮಾಂಬುಧಿ ಕೆರೆ. ಪೇಟೆಗೆ ನೀರು ಕೊಟ್ಟ ಕೆರೆ ಬತ್ತಿ, ಅದರ ಅಂಗಳವೇ ಬಸ್ಸು ನಿಲ್ಲೋ ಜಾಗವಾಯಿತು. ನಂಬಿಕೆ ಬಾರದಿದ್ದರೆ ಪಕ್ಕದ ರಸ್ತೆಯ ಫಲಕ ಓದಿ: ಟ್ಯಾಂಕ್ ಬಂಡ್ ರಸ್ತೆ. ಕೆರೆ ಏರಿ ಅಂತ ಅರ್ಥ. ದಿನಾ ಅದರ ಮೇಲೇ ಓಡಾಡುವವರು ನನಗೆ ದೊರೆಯ ಕುದುರೆ ಕಥೆ ಹೇಳುತ್ತಾರೆ.

ಇನ್ನು ಕಾಲ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಹುಟ್ಟಿದ್ದು 1948ರಲ್ಲಿ. ಅಷ್ಟರಲ್ಲಿ ದೊರೆಗಳು ಗಂಟುಮೂಟೆ ಕಟ್ಟಿ ವರ್ಷವಾಗಿತ್ತು. ಟಾಕೀಸು ಅದಕ್ಕಿಂತ ಹಳೆಯದು.

ಮೂರನೆಯದನ್ನು ಯಾರೂ ಯೋಚಿಸೋದೇ ಇಲ್ಲ. ಬ್ರಿಟಿಷರ ಆಡಳಿತ ಇದ್ದದ್ದು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದ ಮೇಲೂ ದಂಡನ್ನು ಮಾತ್ರ 1947ರವರೆಗೆ ತಮ್ಮ ಕೈಲೇ ಇಟ್ಟುಕೊಂಡರು. ಈಚೆಗಿನ ಪೇಟೆ, ಧರ್ಮಾಂಬುಧಿ, ಗಾಂಧಿನಗರ ಎಲ್ಲ ಮಹಾರಾಜರ ಸರಹದ್ದು. ಅವರದ್ದಲ್ಲದ ಊರಲ್ಲಿ, ಇಲ್ಲದ ಬಸ್ ಸ್ಟ್ಯಾಂಡಿಗೆ ನಾಮಕರಣ ಮಾಡಲು ಅವರಿಗೇನು ಬೇರೆ ಕೆಲಸವಿರಲಿಲ್ಲವೇ?

ಸರ್ಕಾರಿ ಕಾಗದದಲ್ಲಂತೂ ಅದು ಕೆಂಪೇಗೌಡ ಬಸ್ ನಿಲ್ದಾಣ. ಕಂಡಕ್ಟರ್ ‘ಕೆಂಪೇಗೌಡ, ಕೆಂಪೇಗೌಡ’ ಅಂತ ಕೂಗಿದ್ದನ್ನು ಕೇಳಿದವರಿದ್ದರೆ ತಿಳಿಸಿ. ಕೊನೆಗೆ ಮೆಟ್ರೋದವರೂ ಸೋತು ನಾಡಪ್ರಭುಗಳ ಹೆಸರಿನ ಪಕ್ಕದಲ್ಲಿ ಮೆಜೆಸ್ಟಿಕ್ ಅಂತ ಬರೆದರು. ಊರಿಗೆ ಹೀಗೆ ಹೆಸರಿಡೋದು ಟಾಕೀಸುಗಳಿಗೆ ಹೊಸದೇನಲ್ಲ. ರಾಜಾಜಿನಗರದ ನವರಂಗ್, ಚಾಮರಾಜಪೇಟೆಯ ಉಮಾ ಟಾಕೀಸ್ ಎರಡೂ ಬಸ್ ಸ್ಟಾಪುಗಳೇ. ಸಿನಿಮಾ ನೋಡದ ಅಜ್ಜಿಯೂ ಅಲ್ಲೇ ಇಳಿಯುತ್ತಾಳೆ.

ಟಾಕೀಸುಗಳೇ ಸಿನಿಮಾಕ್ಕಾಗಿ ಹುಟ್ಟಿದವೂ ಅಲ್ಲ, ಎಷ್ಟೋ ನಾಟಕದ ಮನೆಗಳು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡದ್ದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್‌ನಲ್ಲಿ. ಅದು ಮೊದಲು ದೊಡ್ಡಣ್ಣ ಹಾಲ್, ಕಂಪನಿ ನಾಟಕಗಳ ಜಾಗ. ಶಿವಾಜಿನಗರದ ಎಲ್ಗಿನ್ ಕೂಡ ನಾಟಕದಿಂದಲೇ ಶುರುವಾದದ್ದು. ರಂಗವನ್ನು ಪರದೆ ಮುಚ್ಚಿತು, ಹಿಂದುಗಡೆ ಮೇಲೊಂದು ಪ್ರೊಜೆಕ್ಟರ್ ಕೋಣೆ ಬಂತು.

ಆ ಕೋಣೆಯ ಬಗ್ಗೆ ಯಾರೂ ಕೇಳೋದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಹಳೇ ಟಾಕೀಸುಗಳಲ್ಲಿ ಆಪರೇಟರ್ ಹತ್ತುವ ಮೆಟ್ಟಿಲು ಎಷ್ಟೋ ಕಡೆ ಗೋಡೆಯ ಆಚೆಗಿರುತ್ತದೆ. ಜಾಗ ಸಾಲದೆ ಹೊರಗೆ ಕಟ್ಟಿದ್ದಲ್ಲ. ಆಗಿನ ರೀಲು ನೈಟ್ರೇಟಿನದು. ಅದು ಹತ್ತಿಕೊಂಡರೆ ಉರಿಯಲು ಹೊರಗಿನ ಗಾಳಿಯೂ ಬೇಕಿಲ್ಲ; ಬೇಕಾದ ಆಮ್ಲಜನಕ ಅದರೊಳಗೇ ಇದೆ. ನೀರಲ್ಲಿ ಮುಳುಗಿಸಿದರೂ ಆರೋದಿಲ್ಲ. ಹಾಗಾಗಿ ಬೆಂಕಿ ಬಿದ್ದರೆ ಆ ಕೋಣೆ ಒಂದೇ ಉರಿಯಲಿ, ಕೆಳಗಿನ ಜನಕ್ಕೆ ತಟ್ಟದಿರಲಿ ಅನ್ನೋ ಲೆಕ್ಕ.

ನಾನೊಮ್ಮೆ ಅಂಥ ಕೋಣೆಯೊಳಗೆ ನಿಂತಿದ್ದೇನೆ. ಬೆಳಕು ಹಾಯುವ ಕಿಂಡಿ ಅಂಗೈಗಿಂತ ಸ್ವಲ್ಪ ದೊಡ್ಡದು. ಅದರ ಮೇಲೆ ಕಬ್ಬಿಣದ ತಗಡಿನ ಬಾಗಿಲು, ಅದನ್ನು ಎತ್ತಿ ಹಿಡಿದ ತಂತಿ, ತಂತಿಯ ನಡುವೆ ಉಗುರಿನಗಲದ ಒಂದು ಲೋಹದ ಕೊಂಡಿ. ಬಿಸಿ ಏರಿದರೆ ಮೊದಲು ಕರಗೋದು ಆ ಕೊಂಡಿ. ತಗಡು ತನ್ನ ಭಾರಕ್ಕೆ ತಾನೇ ಧೊಪ್ಪನೆ ಬಿದ್ದು ಕಿಂಡಿ ಮುಚ್ಚುತ್ತದೆ. ಗಾಂಧಿ ಕ್ಲಾಸಿನಲ್ಲಿ ಚಿಲ್ಲರೆ ಎಸೆಯುತ್ತಿದ್ದವರಿಗೆ ಪರದೆ ಕತ್ತಲಾದದ್ದಷ್ಟೇ ಗೊತ್ತಾಗುತ್ತಿತ್ತು. ಅವರು ಆಪರೇಟರನ್ನು ಬೈದು ಸೀಟಿ ಹೊಡೆಯುತ್ತಿರುವಾಗ, ಆತ ಹೊರಗಿನ ಮೆಟ್ಟಿಲಲ್ಲಿ ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಿರಬೇಕಿತ್ತು.