ಫ್ರೆಡ್ಡಿಯ ಕಥೆ ಯಾರ ಕೈಯಲ್ಲಿತ್ತು?

ಬ್ರಿಟನ್ನಿನ ರಾಕ್ ಬ್ಯಾಂಡ್ ಕ್ವೀನ್ ಮತ್ತು ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಕಥೆ ಹೇಳುವ ‘ಬೊಹೀಮಿಯನ್ ರಾಪ್ಸಡಿ’ ಸಿನಿಮಾದ ಕೊನೆಯ ಭಾಗ ನೋಡಿದಾಗಲೆಲ್ಲ ನನ್ನ ಕಣ್ಣು ಒದ್ದೆಯಾಗುತ್ತದೆ. 1985ರ ಜುಲೈ 13, ಲಂಡನ್ನಿನ ವೆಂಬ್ಲಿ ಮೈದಾನ, ಇಥಿಯೋಪಿಯಾದ ಬರಗಾಲಕ್ಕೆ ನೆರವಾಗಲು ನಡೆದ ‘ಲೈವ್ ಏಡ್’ ಸಂಗೀತ ಕಾರ್ಯಕ್ರಮ. ತನಗೆ ಎಚ್‌ಐವಿ ಇದೆ ಅಂತ ಫ್ರೆಡ್ಡಿ ಮರ್ಕ್ಯುರಿಗೆ ಗೊತ್ತಾಗಿದೆ. ಬ್ಯಾಂಡಿನ ಗೆಳೆಯರಿಗೂ ಹೇಳಿಯಾಗಿದೆ. ಒಡೆದುಹೋಗಿದ್ದ ಕ್ವೀನ್ ಮತ್ತೆ ಒಂದಾಗಿ ವೇದಿಕೆ ಹತ್ತುತ್ತದೆ.

ನಿಜದಲ್ಲಿ ಹೀಗೆ ನಡೆಯಲಿಲ್ಲ. ಬ್ಯಾಂಡ್ ಒಡೆದೇ ಇರಲಿಲ್ಲ. 1984ರಲ್ಲಿ ಹೊಸ ಆಲ್ಬಂ ತಂದಿದ್ದ ಕ್ವೀನ್, 1985ರ ಮೇ ತಿಂಗಳವರೆಗೂ ದೇಶ ದೇಶ ಸುತ್ತಿ ಹಾಡಿತ್ತು. ಫ್ರೆಡ್ಡಿ ಒಬ್ಬರೇ ಆಲ್ಬಂ ಮಾಡಹೊರಟಿದ್ದನ್ನು ಸಿನಿಮಾ ದ್ರೋಹದ ಹಾಗೆ ತೋರಿಸುತ್ತದೆ. ಆದರೆ ಡ್ರಮ್ಮರ್ ರೋಜರ್ ಟೇಲರ್ 1981ರಲ್ಲೇ ಆ ಕೆಲಸ ಮಾಡಿದ್ದರು! ಇನ್ನು ಕಾಯಿಲೆಯ ವಿಷಯ. ಫ್ರೆಡ್ಡಿಯ ಸಂಗಾತಿ ಜಿಮ್ ಹಟನ್ ಹೇಳಿದ ಪ್ರಕಾರ ಅದು ಗೊತ್ತಾಗಿದ್ದು 1987ರಲ್ಲಿ.

ಯಾಕೆ ಹೀಗಾಯಿತು ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 2010ರಲ್ಲಿ ಈ ಸಿನಿಮಾದ ಸುದ್ದಿ ಹೊರಬಿದ್ದಾಗ ಫ್ರೆಡ್ಡಿ ಪಾತ್ರಕ್ಕೆ ಇದ್ದವರು ನಟ ಸಾಶಾ ಬ್ಯಾರನ್ ಕೋಹೆನ್. 2013ರಲ್ಲಿ ಅವರು ಹೊರನಡೆದರು. ಫ್ರೆಡ್ಡಿಯ ಬದುಕನ್ನು ಮುಚ್ಚುಮರೆಯಿಲ್ಲದೆ ತೋರಿಸಬೇಕು ಎಂಬುದು ಅವರ ಆಸೆ. ಬ್ಯಾಂಡಿನವರಿಗೆ ತಮ್ಮ ಹೆಸರು ಕಾಪಾಡಿಕೊಳ್ಳುವುದು ಮುಖ್ಯವಾಗಿತ್ತು ಅಂತ ಕೋಹೆನ್ ಅವರೇ ಆಮೇಲೆ ಹೇಳಿದರು. ಪಾತ್ರ ಕೊನೆಗೆ ರಾಮಿ ಮಲೆಕ್‌ಗೆ ಬಂತು. ಚಿತ್ರೀಕರಣ ಮುಗಿಯುವ ಮೊದಲೇ, 2017ರ ಡಿಸೆಂಬರ್‌ನಲ್ಲಿ, ನಿರ್ದೇಶಕ ಬ್ರಯಾನ್ ಸಿಂಗರ್ ಅವರನ್ನು ತೆಗೆದುಹಾಕಿದರು. ಉಳಿದದ್ದನ್ನು ಡೆಕ್ಸ್ಟರ್ ಫ್ಲೆಚರ್ ಮುಗಿಸಿಕೊಟ್ಟರು. ನಟ ಬದಲಾದರು, ನಿರ್ದೇಶಕರೂ ಬದಲಾದರು. ಬದಲಾಗದೆ ಉಳಿದವರು ಗಿಟಾರ್ ವಾದಕ ಬ್ರಯಾನ್ ಮೇ, ಟೇಲರ್ ಮತ್ತು ಕ್ವೀನ್ ಮ್ಯಾನೇಜರ್ ಜಿಮ್ ಬೀಚ್. ಹಾಡುಗಳಿಲ್ಲದೆ ಸಿನಿಮಾ ಇಲ್ಲ, ಇವರ ಒಪ್ಪಿಗೆಯಿಲ್ಲದೆ ಹಾಡುಗಳಿಲ್ಲ.

ಅವರ ಮೇಲೆ ನನಗೆ ಕೋಪವಿಲ್ಲ. ಗೆಳೆಯನನ್ನು ಕಳೆದುಕೊಂಡವರು ಅವರು. ಆದರೆ ತೆರೆಯ ಮೇಲೆ ಅವರು ಮನೆಗೆ ಬೇಗ ಮರಳುವ ಸಂಸಾರಸ್ಥರು, ಫ್ರೆಡ್ಡಿ ದಾರಿ ತಪ್ಪಿದ ಮಗ. ಕಾಯಿಲೆಯನ್ನು ಎರಡು ವರ್ಷ ಹಿಂದಕ್ಕೆ ಎಳೆದು ತಂದಾಗ ಅದು ಆ ದಾರಿ ತಪ್ಪಿದ್ದಕ್ಕೆ ಸಿಕ್ಕ ಶಿಕ್ಷೆಯ ಹಾಗೆ ಕಾಣುತ್ತದೆ. ನನಗೆ ಜಾಸ್ತಿ ನೋವಾಗುವುದು ಇಲ್ಲೇ.

ಇನ್ನೊಂದು ಕೊರತೆ ನಮಗೆ ಹತ್ತಿರದ್ದು. ಜಂಜಿಬಾರ್‌ನ ಪಾರ್ಸಿ ಮನೆಯಲ್ಲಿ ಹುಟ್ಟಿದ ಫಾರೋಖ್ ಬಲ್ಸಾರಾ ಎಂಬ ಹುಡುಗ ಎಂಟನೇ ವಯಸ್ಸಿಗೆ ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗನಿಗೆ ಬಂದ. ಸೇಂಟ್ ಪೀಟರ್ಸ್ ಶಾಲೆಯ ಹಾಸ್ಟೆಲ್‌ನಲ್ಲಿ ಬೆಳೆದ, ಪಿಯಾನೊ ಕಲಿತ, ಗೆಳೆಯರ ಜೊತೆ ‘ದ ಹೆಕ್ಟಿಕ್ಸ್’ ಎಂಬ ಬ್ಯಾಂಡ್ ಕಟ್ಟಿದ. ‘ಫ್ರೆಡ್ಡಿ’ ಅಂತ ಕರೆಸಿಕೊಂಡಿದ್ದೂ ಅಲ್ಲೇ. ಸಿನಿಮಾದ ಕಥೆ ಶುರುವಾಗುವುದು 1970ರ ಲಂಡನ್ನಿನಲ್ಲಿ. ಪಂಚಗನಿಯ ಆ ಪಿಯಾನೊ ಒಮ್ಮೆಯೂ ತೆರೆಗೆ ಬರುವುದಿಲ್ಲ.

ಸಿನಿಮಾ ನಾಲ್ಕು ಆಸ್ಕರ್ ಗೆದ್ದಿತು, ಮಲೆಕ್ ಅತ್ಯುತ್ತಮ ನಟರಾದರು. ಫ್ರೆಡ್ಡಿ ಮಾತ್ರ ತನ್ನ ಕಾಯಿಲೆಯನ್ನು ಜಗತ್ತಿಗೆ ಹೇಳಿದ್ದು 1991ರ ನವೆಂಬರ್ 23ರಂದು. ಮರುದಿನ ಸಂಜೆ ತೀರಿಕೊಂಡರು.