ಬಿಪಿ ಪಥ್ಯಕ್ಕೂ ಕಿಡ್ನಿ ಕಲ್ಲಿನ ಪಥ್ಯಕ್ಕೂ ಜಗಳವಿದೆಯೇ?

ಪ್ರಶ್ನೆ: ಆರು ವರ್ಷದಿಂದ ನನಗೆ ಬಿಪಿ ಇದೆ. ಹೋದ ವರ್ಷ ಕಿಡ್ನಿಯಲ್ಲಿ ಕಲ್ಲಾಗಿ, ತಾನಾಗಿಯೇ ಬಿದ್ದುಹೋಯಿತು. ಪರೀಕ್ಷೆ ಮಾಡಿಸಿದಾಗ ಅದು ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಬಂತು. ಬಿಪಿಗೆ ಸೊಪ್ಪು, ಹಣ್ಣು, ಬಾದಾಮಿ, ಕೊಬ್ಬು ತೆಗೆದ ಹಾಲು ಹೆಚ್ಚು ತೆಗೆದುಕೊಳ್ಳಿ ಎನ್ನುತ್ತಾರೆ. ಕಲ್ಲಾಗಿದ್ದವರು ಸೊಪ್ಪು, ಬಾದಾಮಿ, ಹಾಲು ಮೂರನ್ನೂ ಮುಟ್ಟಬಾರದು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಬಿಪಿ ಪಥ್ಯವನ್ನೇ ಮುಂದುವರಿಸಿ. ಹಾಲು, ಮೊಸರು ಬಿಡಬೇಡಿ. ಸೊಪ್ಪುಗಳಲ್ಲಿ ಪಾಲಕ್, ಬೀಜಗಳಲ್ಲಿ ಬಾದಾಮಿ, ಇವೆರಡನ್ನು ಬದಲಿಸಿಕೊಂಡರೆ ಸಾಕು. ಈ ಮೂರರ ಗಲಾಟೆಯಲ್ಲಿ ಎಲ್ಲರೂ ಮರೆಯುವುದು ಉಪ್ಪನ್ನು. ಬಿಪಿಯನ್ನು ಏರಿಸುವುದೂ ಅದೇ, ಮೂತ್ರಕ್ಕೆ ಕ್ಯಾಲ್ಸಿಯಂ ಇಳಿಸುವುದೂ ಅದೇ.

ನಿಮಗೆ ಹೇಳಿರುವ ಬಿಪಿ ಪಥ್ಯದ ಮೂಲ ಡ್ಯಾಶ್ ಎಂಬ ಆಹಾರಕ್ರಮ. 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಬಿಪಿ ಇದ್ದವರ ಮೇಲಿನ ಅಂಕಿಯನ್ನು ಎಂಟು ವಾರಗಳಲ್ಲಿ ಸುಮಾರು 11ರಷ್ಟು ಇಳಿಸಿತ್ತು. ಹಣ್ಣು ತರಕಾರಿ ಹೆಚ್ಚಿದ್ದ ಮೇಲೆ ಅದರಲ್ಲಿ ಆಕ್ಸಲೇಟ್ (ಸಸ್ಯಾಹಾರದಲ್ಲಿರುವ, ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ ವಸ್ತು) ಕೂಡ ಹೆಚ್ಚು; ಹಾಗಾಗಿ ಕಲ್ಲು ಹೆಚ್ಚಬೇಕಿತ್ತು ಎಂದು ಯಾರಿಗಾದರೂ ಅನಿಸುತ್ತದೆ. ಆದದ್ದು ತಿರುವುಮುರುವು. ಅಮೆರಿಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಈ ಕ್ರಮಕ್ಕೆ ತೀರ ಹತ್ತಿರವಾಗಿ ಉಣ್ಣುತ್ತಿದ್ದವರಿಗೆ ಕಲ್ಲಾಗುವ ಸಾಧ್ಯತೆ ಶೇ. 40ರಿಂದ 45ರಷ್ಟು ಕಡಿಮೆ ಇತ್ತು. ಇದು ಬರೀ ಗಮನಿಸಿ ಬರೆದ ಲೆಕ್ಕ, ಪ್ರಯೋಗವಲ್ಲ ಎಂಬುದು ನಿಜ. ಆದರೂ ಕಾರಣ ಊಹಿಸುವುದು ಕಷ್ಟವಲ್ಲ. ಹಣ್ಣು ತರಕಾರಿಯ ಪೊಟ್ಯಾಸಿಯಂ ಮತ್ತು ಕ್ಷಾರಗುಣದಿಂದ ಮೂತ್ರದಲ್ಲಿ ಸಿಟ್ರೇಟ್ ಹೆಚ್ಚುತ್ತದೆ. ಸಿಟ್ರೇಟ್ ಕ್ಯಾಲ್ಸಿಯಂಗೆ ಅಂಟಿಕೊಂಡು, ಅದು ಹರಳುಗಟ್ಟದಂತೆ ತಡೆಯುತ್ತದೆ.

ಉಪ್ಪಿನ ಲೆಕ್ಕ

ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಸೋಡಿಯಂ ರಕ್ತಕ್ಕೆ ಮರಳುವಾಗ ಕ್ಯಾಲ್ಸಿಯಂ ಕೂಡ ಅದರ ಬೆನ್ನು ಹಿಡಿದು ಮರಳುತ್ತದೆ. ಉಪ್ಪು ಜಾಸ್ತಿ ತಿಂದಾಗ ಹೆಚ್ಚುವರಿ ಸೋಡಿಯಂ ಅನ್ನು ಹೊರಹಾಕಲೇಬೇಕು. ಆಗ ಮೂತ್ರಪಿಂಡ ಈ ಮರಳಿ ಹೀರುವ ಕೆಲಸವನ್ನೇ ತಗ್ಗಿಸುತ್ತದೆ. ಸೋಡಿಯಂ ಜೊತೆ ಕ್ಯಾಲ್ಸಿಯಂ ಕೂಡ ಮೂತ್ರಕ್ಕೆ ಹೋಗುತ್ತದೆ. ಸುಮಾರು 6 ಗ್ರಾಂ ಉಪ್ಪು ಹೆಚ್ಚಿದರೆ 40 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಹೆಚ್ಚುತ್ತದೆ. ಮೊದಲೇ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇರುವವರಲ್ಲಿ ಇನ್ನೂ ಹೆಚ್ಚು. ಬಿಪಿ ಇರುವ ಎಷ್ಟೋ ಜನ ಈ ಗುಂಪಿನವರೇ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಒಂದು ಸಣ್ಣ ಚಮಚ ಪುಡಿ ಉಪ್ಪು ಸಮತಟ್ಟಾಗಿ ತುಂಬಿದರೆ ಸುಮಾರು 6 ಗ್ರಾಂ, ಅಂದರೆ ಮಿತಿ ಒಂದು ಚಮಚಕ್ಕಿಂತ ಸ್ವಲ್ಪ ಕೆಳಗೇ ಮುಗಿಯುತ್ತದೆ. “ನಾವು ಉಪ್ಪು ಕಡಿಮೆಯೇ ತಿನ್ನುವುದು” ಎಂದು ಎಲ್ಲರೂ ಹೇಳುತ್ತಾರೆ. ಅಳೆದು ನೋಡಲು ಸುಲಭದ ದಾರಿಯಿದೆ: ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೆ ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ಮೂವತ್ತು ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ 8 ಗ್ರಾಂ ಮೀರಿತು. ಬ್ರೆಡ್, ಚೀಸ್, ಸಾಸ್, ಇನ್‌ಸ್ಟಂಟ್ ನೂಡಲ್ಸ್, ಚಿಪ್ಸ್‌ಗಳ ಉಪ್ಪು ಇದರ ಮೇಲಿನದು. ಪ್ಯಾಕೆಟ್ ಹಿಂದೆ ಸೋಡಿಯಂ ಎಂದು ಬರೆದಿದ್ದರೆ ಅದನ್ನು 2.5ರಿಂದ ಗುಣಿಸಿ, 800 ಮಿ.ಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಕಲ್ಲುಪ್ಪು, ಗುಲಾಬಿ ಬಣ್ಣದ ಉಪ್ಪು, ಸಮುದ್ರದ ಉಪ್ಪು, ಎಲ್ಲದರಲ್ಲೂ ಮುಖ್ಯವಾಗಿ ಇರುವುದು ಸೋಡಿಯಂ ಕ್ಲೋರೈಡೇ. ಹೆಸರು ಬದಲಾದರೆ ಲೆಕ್ಕ ಬದಲಾಗುವುದಿಲ್ಲ.

ನಾಲಿಗೆಗೆ ಒಗ್ಗಲು ಕೆಲವು ವಾರ ಬೇಕು. ಒಮ್ಮೆಲೇ ಅರ್ಧಕ್ಕಿಳಿಸಿ, ಮೂರನೇ ದಿನ ಬೇಸರವಾಗಿ ಬಿಡುವುದಕ್ಕಿಂತ ವಾರಕ್ಕಿಷ್ಟು ಎಂದು ಇಳಿಸುವುದು ಲೇಸು.

ಇನ್ನೊಂದು ಮರೆಯ ಉಪ್ಪು ಅಡುಗೆ ಸೋಡಾ. ಕಲ್ಲು ಕರಗುತ್ತದೆಂದು ಅದನ್ನು ನೀರಿಗೆ ಹಾಕಿ ಕುಡಿಯುವವರಿದ್ದಾರೆ. ಒಂದು ಸಣ್ಣ ಚಮಚದಲ್ಲಿ 1,200 ಮಿ.ಗ್ರಾಂಗೂ ಮೀರಿದ ಸೋಡಿಯಂ ಇರುತ್ತದೆ, ದಿನದ ಮಿತಿಯ ಅರ್ಧಕ್ಕಿಂತ ಹೆಚ್ಚು. ಸಾಲದ್ದಕ್ಕೆ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಅದರಿಂದ ಕರಗುವುದೂ ಇಲ್ಲ. ಕ್ಷಾರಕ್ಕೆ ಕರಗಬಲ್ಲದ್ದು ಯೂರಿಕ್ ಆಮ್ಲದ ಕಲ್ಲು. ಅದಕ್ಕೂ ವೈದ್ಯರು ಸಾಮಾನ್ಯವಾಗಿ ಬರೆಯುವುದು ಪೊಟ್ಯಾಸಿಯಂ ಸಿಟ್ರೇಟ್.

ಹಾಲು ಬಿಟ್ಟರೆ ಏನಾಗುತ್ತದೆ

ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಹಾಲಿನಲ್ಲೂ ಇದೆ, ಆದ್ದರಿಂದ ಹಾಲು ಬೇಡ. ಕೇಳಲು ಸರಿಯೆನಿಸುವ ಈ ತರ್ಕ ತಪ್ಪು. ಊಟದ ಜೊತೆ ಕ್ಯಾಲ್ಸಿಯಂ ಹೋದರೆ ಅದು ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದ ಮೂಲಕ ಸಾಗಿಸುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಆಕ್ಸಲೇಟ್ ಬಿಡುಬೀಸಾಗಿ ರಕ್ತ ಸೇರಿ ಮೂತ್ರಕ್ಕೆ ಬರುತ್ತದೆ.

ಇಟಲಿಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗ ಇದನ್ನೇ ತೋರಿಸಿತು. ಪದೇ ಪದೇ ಕಲ್ಲಾಗುತ್ತಿದ್ದ 120 ಗಂಡಸರಲ್ಲಿ ಅರ್ಧ ಜನಕ್ಕೆ ಕ್ಯಾಲ್ಸಿಯಂ ಕಡಿಮೆ ಇರುವ ಊಟ. ಉಳಿದವರಿಗೆ ದಿನಕ್ಕೆ ಸುಮಾರು 1,200 ಮಿ.ಗ್ರಾಂ ಕ್ಯಾಲ್ಸಿಯಂ, ಆದರೆ ಉಪ್ಪು ಮತ್ತು ಮಾಂಸ ಮಿತ. ಐದು ವರ್ಷದಲ್ಲಿ ಮೊದಲ ಗುಂಪಿನ 23 ಜನಕ್ಕೆ ಮತ್ತೆ ಕಲ್ಲಾಯಿತು, ಎರಡನೆಯದರಲ್ಲಿ 12 ಜನಕ್ಕೆ.

ಹಾಗಾಗಿ ಆಹಾರದಿಂದ ದಿನಕ್ಕೆ 1,000–1,200 ಮಿ.ಗ್ರಾಂ ಕ್ಯಾಲ್ಸಿಯಂ ಬರಲಿ. 250 ಮಿ.ಲೀ. ಹಾಲಿನಲ್ಲಿ ಸುಮಾರು 300 ಮಿ.ಗ್ರಾಂ ಇದೆ. ಹಾಲು, ಮೊಸರನ್ನು ರಾತ್ರಿ ಮಲಗುವಾಗ ಬೇರೆಯಾಗಿ ತೆಗೆದುಕೊಳ್ಳುವ ಬದಲು ಊಟದೊಂದಿಗೇ ಇಟ್ಟುಕೊಳ್ಳಿ. ಆಕ್ಸಲೇಟ್ ಹಿಡಿಯುವ ಕೆಲಸ ಆಗುವುದು ಅಲ್ಲಿ. ಮೂಳೆಗೆಂದು ಕ್ಯಾಲ್ಸಿಯಂ ಮಾತ್ರೆ ಬರೆದಿದ್ದರೆ ಅದೂ ಊಟದ ಜೊತೆಗೇ, ಖಾಲಿ ಹೊಟ್ಟೆಗಲ್ಲ.

ಸೊಪ್ಪಿನ ವಿಷಯಕ್ಕೆ ಬಂದರೆ, ಎಲ್ಲ ಸೊಪ್ಪನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಬೇಯಿಸಿದ ಪಾಲಕ್ ಅರ್ಧ ಕಪ್‌ನಲ್ಲಿ 700 ಮಿ.ಗ್ರಾಂ ಆಸುಪಾಸು ಆಕ್ಸಲೇಟ್ ಇರುತ್ತದೆ. ಎಲೆಕೋಸು, ಹೂಕೋಸು, ಸೌತೆಕಾಯಿಗಳಲ್ಲಿ ಅದರ ಪಾಲು ತೀರ ಅಲ್ಪ. ಪಾಲಕ್ ಬೇಕೇ ಬೇಕೆಂದರೆ ಧಾರಾಳ ನೀರಿನಲ್ಲಿ ಕುದಿಸಿ, ಬಸಿದು, ಆ ನೀರು ಚೆಲ್ಲಿ. ಕರಗುವ ಆಕ್ಸಲೇಟಿನಲ್ಲಿ ಒಳ್ಳೆಯ ಪಾಲು ಅದರೊಂದಿಗೆ ಹೋಗುತ್ತದೆ. ಹಸಿ ಪಾಲಕ್ಕನ್ನು ಬಾದಾಮಿಯೊಂದಿಗೆ ರುಬ್ಬಿ ದಿನವೂ ಕುಡಿಯುವ ‘ಹಸಿರು ಪಾನೀಯ’ ಮಾತ್ರ ನಿಮಗೆ ಸಲ್ಲ. ಇಂಥ ಅಭ್ಯಾಸದಿಂದ ಮೂತ್ರಪಿಂಡಕ್ಕೇ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಬಾದಾಮಿ ಬದಲು ಅಕ್ರೋಟ್ ಅಥವಾ ಕುಂಬಳ ಬೀಜ ಆಗುತ್ತದೆ, ಉಪ್ಪು ಹಾಕದ್ದು. ಬೀಟ್‌ರೂಟ್, ಚಾಕೊಲೇಟ್, ಕಡಲೆಕಾಯಿ ಅಪರೂಪಕ್ಕೆ ಸಾಕು. ವಿಟಮಿನ್ ಸಿ ಮಾತ್ರೆ ದಿನಕ್ಕೆ 1,000 ಮಿ.ಗ್ರಾಂನಷ್ಟು ನುಂಗುತ್ತಿದ್ದರೆ ನಿಲ್ಲಿಸಿ, ಅದು ದೇಹದಲ್ಲಿ ಆಕ್ಸಲೇಟ್ ಆಗುತ್ತದೆ.

ನೀರು ಎಷ್ಟು ಕುಡಿಯಬೇಕು ಎಂದು ಕೇಳುವುದಕ್ಕಿಂತ ಮೂತ್ರ ಎಷ್ಟು ಹೋಗಬೇಕು ಎಂದು ಕೇಳುವುದು ಸರಿ. ಗುರಿ ದಿನಕ್ಕೆ 2.5 ಲೀಟರ್ ಮೂತ್ರ. ಒಂದು ರಜಾದಿನ ಅಳತೆಯ ಪಾತ್ರೆಯಲ್ಲಿ ಹಿಡಿದು ನೋಡಿ. ಒಂದು ಲೀಟರ್ ಕೂಡ ಆಗದೆ ಆಶ್ಚರ್ಯಪಡುವವರೂ ಇದ್ದಾರೆ. ಮಲಗುವ ಮುನ್ನ ಒಂದು ಲೋಟ ಇರಲಿ, ರಾತ್ರಿಯೇ ಮೂತ್ರ ಹೆಚ್ಚು ಗಟ್ಟಿಯಾಗುವುದು. ನಿಂಬೆರಸ ಬೆರೆಸಿದರೆ ಸಿಟ್ರೇಟ್ ಸಿಗುತ್ತದೆ, ಉಪ್ಪು ಸಕ್ಕರೆ ಎರಡೂ ಬೇಡ. ಹೃದಯ ದುರ್ಬಲವಾಗಿರುವವರು, ಮೂತ್ರಪಿಂಡದ ಕೆಲಸ ಕುಗ್ಗಿರುವವರು ವೈದ್ಯರನ್ನು ಕೇಳದೆ ನೀರು ಹೆಚ್ಚಿಸಬಾರದು.

ಮಾತ್ರೆಗಳ ಕಡೆ ಒಂದು ಕಣ್ಣು

ಬಿಪಿಗೆ ಕ್ಲೋರ್ಥಾಲಿಡೋನ್, ಇಂಡಪಮೈಡ್, ಹೈಡ್ರೋಕ್ಲೋರೋಥಯಾಜೈಡ್ ಗುಂಪಿನ ಮಾತ್ರೆ ಇದ್ದರೆ ಅದು ಮೂತ್ರದ ಕ್ಯಾಲ್ಸಿಯಂ ತಗ್ಗಿಸುತ್ತದೆ; ಫ್ಯೂರೋಸೆಮೈಡ್ ಹೆಚ್ಚಿಸುತ್ತದೆ. ಹಾಗೆಂದು ಮಾತ್ರೆಯೇ ಕಾಯುತ್ತದೆ ಎಂದು ಕೂರುವಂತಿಲ್ಲ. ಉಪ್ಪು ಜಾಸ್ತಿಯಾದರೆ ಈ ಲಾಭ ಕರಗಿಹೋಗುತ್ತದೆ. 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ 12.5, 25, 50 ಮಿ.ಗ್ರಾಂ ಯಾವ ಪ್ರಮಾಣದಲ್ಲೂ ಕಲ್ಲು ಮರುಕಳಿಸುವುದನ್ನು ಔಷಧವೇ ಇಲ್ಲದ ಹುಸಿಮಾತ್ರೆಗಿಂತ ಗಮನಾರ್ಹವಾಗಿ ತಡೆಯಲಿಲ್ಲ. ಈ ಮಾತ್ರೆಗಳಿಂದ ಪೊಟ್ಯಾಸಿಯಂ ಕುಸಿದರೆ ಸಿಟ್ರೇಟ್ ಕೂಡ ಕುಸಿಯುತ್ತದೆ, ರಕ್ತಪರೀಕ್ಷೆ ತಪ್ಪಿಸಬೇಡಿ.

‘ಕಡಿಮೆ ಸೋಡಿಯಂ ಉಪ್ಪು’ ಎಂದು ಮಾರುವುದರಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಇದು ರಕ್ತದ ಪೊಟ್ಯಾಸಿಯಂ ಅನ್ನು ಅಪಾಯದ ಮಟ್ಟಕ್ಕೆ ಏರಿಸಿ ಹೃದಯದ ಬಡಿತ ಕೆಡಿಸಬಹುದು. ಕಲ್ಲಿನ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳನ್ನು ಸ್ವಂತವಾಗಿ ದಿನಗಟ್ಟಲೆ ನುಂಗುವುದೂ ಬೇಡ. ಇವು ಬಿಪಿ ಏರಿಸುತ್ತವೆ, ಈ ಬಿಪಿ ಮಾತ್ರೆಗಳ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಹೊರೆ. ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತರೆ, ನೀರೂ ಹೊಟ್ಟೆಯಲ್ಲಿ ನಿಲ್ಲದಂತೆ ವಾಂತಿಯಾದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿ.

ಪಥ್ಯ ಹಿಡಿಯುವ ಮೊದಲೊಮ್ಮೆ, ಆರೆಂಟು ವಾರಗಳ ನಂತರ ಇನ್ನೊಮ್ಮೆ, 24 ಗಂಟೆಯ ಮೂತ್ರ ಪರೀಕ್ಷೆ ಮಾಡಿಸಿ. ಬೆಳಗಿನ ಮೊದಲ ಮೂತ್ರ ಬಿಟ್ಟು, ಮರುದಿನ ಬೆಳಗಿನ ಮೊದಲನೆಯದನ್ನು ಸೇರಿಸಿ ಹಿಡಿಯಬೇಕು. ಒಂದು ಸಲ ಮರೆತರೂ ಲೆಕ್ಕ ತಪ್ಪು. ವರದಿಯಲ್ಲಿ ಸೋಡಿಯಂ ಎಷ್ಟು ಮಿಲಿಮೋಲ್ ಎಂದು ನೋಡಿ, 17ರಿಂದ ಭಾಗಿಸಿ. 170 ಬಂದರೆ ನೀವು ತಿಂದ ಉಪ್ಪು 10 ಗ್ರಾಂ, ಮನೆಯಲ್ಲಿ ಏನೇ ಲೆಕ್ಕ ಹಾಕಿದ್ದರೂ.