ಮಡಚುವ ಚಾಕುವಿನ ನಕ್ಷೆ: ಅಲಗಿಗಿಂತ ಮೊದಲು ಕೀಲು

ಮಡಚುವ ಚಾಕು ಮಾಡಲು ಕೂತವರು ಮೊದಲು ಬಿಡಿಸುವುದು ಅಲಗನ್ನೇ. ನಾನೂ ಹಾಗೆಯೇ ಮಾಡಿದ್ದೆ. ಅಂದವಾದ ಬೆನ್ನು, ಚೂಪು ಮೊನೆ, ಅದಕ್ಕೊಪ್ಪುವ ಹಿಡಿ ಎಲ್ಲವೂ ಸಿದ್ಧವಾದ ಮೇಲೆ ಕ್ಯಾಡ್‌ನಲ್ಲಿ (ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ತಂತ್ರಾಂಶ) ಅಲಗನ್ನು 180 ಡಿಗ್ರಿ ತಿರುಗಿಸಿದರೆ, ಮೊನೆ ಹಿಡಿಯ ಹಿಂದಿನಿಂದ ಹೊರಗೆ ಇಣುಕುತ್ತಿತ್ತು! ಆದ್ದರಿಂದ ಹಾಳೆಯ ಮೇಲೆ ಮೊದಲು ಒಂದೇ ಒಂದು ಚುಕ್ಕೆ ಇಡಿ: ಕೀಲಿನ ಕೇಂದ್ರ. ಅದು ಮೂಲಬಿಂದುವಿನಲ್ಲೇ ಇರಲಿ, ಉಳಿದ ಎಲ್ಲ ಅಳತೆಗಳೂ ಅಲ್ಲಿಂದಲೇ ಹೊರಡಲಿ. ಅಲ್ಲಿಂದ ಮೊನೆಯವರೆಗಿನ ದೂರವನ್ನು ತ್ರಿಜ್ಯವಾಗಿ ಹಿಡಿದು ವೃತ್ತ ಎಳೆದರೆ ಹಿಡಿ ಎಷ್ಟು ಉದ್ದ ಬೇಕೆಂಬುದು ಕಣ್ಣಿಗೇ ಕಾಣುತ್ತದೆ. ತೆರೆದ ಅಲಗು ಒಂದು ಪದರದಲ್ಲಿ, ಮಡಚಿದ ಅಲಗು ಇನ್ನೊಂದರಲ್ಲಿ. ಎರಡನ್ನೂ ನೋಡುತ್ತಲೇ ಗೆರೆ ಎಳೆಯಬೇಕು.

ಈ ಟಿಪ್ಪಣಿ ಸ್ಲಿಪ್‌ಜಾಯಿಂಟ್ ಚಾಕುವಿನ ಬಗ್ಗೆ. ಇದರಲ್ಲಿ ಬೀಗವಿಲ್ಲ. ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ, ಬೆರಳಿನ ಬಲಕ್ಕೆ ಬಿಟ್ಟುಕೊಡುತ್ತದೆ. ಲೈನರ್ ಲಾಕ್ (ಹಿಡಿಯೊಳಗಿನ ತೆಳು ಲೋಹದ ಪಟ್ಟಿಯೇ ಅಲಗಿಗೆ ಬೀಗವಾಗುವ ಬಗೆ) ನೋಡಲು ಆಧುನಿಕ, ಆದರೆ ಕಲಿಯಲು ಇದೇ ಒಳ್ಳೆಯ ಗುರು ಎಂಬುದು ನನ್ನ ಅಭಿಪ್ರಾಯ. ತಪ್ಪಿದ್ದರೆ ಹೆಬ್ಬೆರಳಿಗೆ ಕೂಡಲೇ ಗೊತ್ತಾಗುತ್ತದೆ.

ಇಡೀ ಚಾಕುವಿನ ಗುಟ್ಟು ಅಲಗಿನ ಬುಡದಲ್ಲಿದೆ. ಅದನ್ನು ಒಂದು ಚೌಕದ ಮೂರು ಬದಿಗಳೆಂದು ಭಾವಿಸಿ. ಚಾಕು ತೆರೆದಿರುವಾಗ ಸ್ಪ್ರಿಂಗ್ ಮೇಲಿನ ಬದಿಯ ಮೇಲೆ ಕೂರುತ್ತದೆ, ಅರ್ಧ ಮಡಚಿದಾಗ ಹಿಂಬದಿಯ ಮೇಲೆ, ಪೂರ್ತಿ ಮಡಚಿದಾಗ ಕೆಳಬದಿಯ ಮೇಲೆ. ಕೀಲಿನ ಕೇಂದ್ರದಿಂದ ಮೂರೂ ಬದಿಗಳಿಗೆ ಒಂದೇ ದೂರವಿರಬೇಕು. ನನ್ನ ನಕ್ಷೆಯಲ್ಲಿ ಅದು 5 ಮಿ.ಮೀ. ಒಂದು ಬದಿ 5.1 ಆದರೆ ಆ ಸ್ಥಿತಿಯಲ್ಲಿ ಸ್ಪ್ರಿಂಗ್‌ನ ತುದಿ ಹಿಡಿಯ ಬೆನ್ನಿಗಿಂತ ಮೇಲೆದ್ದು ನಿಲ್ಲುತ್ತದೆ.

ಚೌಕವನ್ನು ಹಾಗೆಯೇ ಬಿಡುವಂತಿಲ್ಲ. ಕೇಂದ್ರದಿಂದ ಮೂಲೆಗಿರುವ ದೂರ 5 × 1.414, ಅಂದರೆ 7.07 ಮಿ.ಮೀ. ಅಲಗು ತಿರುಗುವಾಗ ಮೂಲೆಯು ಸ್ಪ್ರಿಂಗನ್ನು ಎರಡು ಮಿಲಿಮೀಟರ್‌ಗಿಂತ ಹೆಚ್ಚು ಎತ್ತಿಬಿಡುತ್ತದೆ. ಉಗುರು ಮುರಿಯಬಹುದು, ಚಾಕು ತೆರೆಯಲಾರದು. ಅದೇ ಕೇಂದ್ರದಿಂದ 5.8 ಮಿ.ಮೀ. ತ್ರಿಜ್ಯದ ವೃತ್ತ ಎಳೆದು, ಅದರಾಚೆಗಿನ ಮೂಲೆಗಳನ್ನು ಕತ್ತರಿಸಿ ಹಾಕಿ. ಈಗ ಎತ್ತುವುದು ಬರೀ 0.8 ಮಿ.ಮೀ. ಹಿಂಬದಿಯಲ್ಲಿ ಸುಮಾರು 5.9 ಮಿ.ಮೀ. ಉದ್ದದ ಸಪಾಟು ಉಳಿಯುತ್ತದೆ. 'ಟಕ್' ಎಂದು ಕೂರಲು ಅಷ್ಟು ಸಾಕು.

ತೆರೆದ ಅಲಗನ್ನು ತಡೆದು ನಿಲ್ಲಿಸುವುದು ಬುಡದ ಮೇಲಿನ ಮೆಟ್ಟಿಲು. ಅದು ಸ್ಪ್ರಿಂಗ್‌ನ ಮೂತಿಗೆ ತಾಗಿ ನಿಲ್ಲುತ್ತದೆ. ಆ ಜಾಗ ಕೀಲಿನಿಂದ 6 ಮಿ.ಮೀ. ದೂರದಲ್ಲಿದ್ದು, ಮೊನೆ 75 ಮಿ.ಮೀ. ದೂರದಲ್ಲಿದ್ದರೆ, ಇಲ್ಲಿಯ 0.1 ಮಿ.ಮೀ. ತಪ್ಪು ಮೊನೆಯಲ್ಲಿ 1.25 ಮಿ.ಮೀ. ಆಗುತ್ತದೆ. ಹಾಗಾಗಿ ಮೆಟ್ಟಿಲಿನಲ್ಲಿ ಸ್ವಲ್ಪ ಲೋಹ ಹೆಚ್ಚಿಗೆ ಉಳಿಸಿಕೊಂಡು, ಜೋಡಿಸಿ ನೋಡುತ್ತಾ ಅರದಿಂದ ಉಜ್ಜುವುದು ಜಾಣತನ. ಮಡಚಿದಾಗ ಅಲಗಿನ ಹರಿತವಾದ ಬಾಯಿ ಸ್ಪ್ರಿಂಗಿಗೆ ಬಡಿಯದಂತೆ ಕಾಯುವ ಬುಡದ ಸಣ್ಣ ಉಬ್ಬಿಗೂ ಇದೇ ಮಾತು.

ಸ್ಪ್ರಿಂಗನ್ನು ಬುಡಕ್ಕೆ ಸರಿಯಾಗಿ ತಾಗುವಂತೆ ಬಿಡಿಸಿದರೆ ನಕ್ಷೆ ಚೆಂದ, ಚಾಕು ಸಡಿಲ. ಬಿಗಿತ ಬರಬೇಕಾದರೆ ಬಿಡಿಯಾಗಿರುವಾಗ ಸ್ಪ್ರಿಂಗ್‌ನ ಮೂತಿ ತನ್ನ ಜಾಗಕ್ಕಿಂತ ಒಂದೂವರೆ ಮಿ.ಮೀ.ನಷ್ಟು ಕೆಳಗಿರಬೇಕು, ಜೋಡಿಸುವಾಗ ಅದು ಬಾಗಿ ಮೇಲೇರುತ್ತದೆ. ಆದ್ದರಿಂದ ಸ್ಪ್ರಿಂಗಿಗೆ ಎರಡು ಚಿತ್ರ: ಕತ್ತರಿಸಲು ಒಂದು, ಜೋಡಣೆ ನೋಡಲು ಇನ್ನೊಂದು.

ಇನ್ನು ಮುದ್ರಣ. ಕಾಗದದ ಅಚ್ಚನ್ನು ಉಕ್ಕಿನ ಹಾಳೆಗೆ ಅಂಟಿಸಿ ಕತ್ತರಿಸುವವರು ಇದನ್ನು ನಿಧಾನವಾಗಿ ಓದಿ. ನಾನು ಲೈನರ್‌ನ (ಹಿಡಿಯ ಒಳಬದಿಯ ತೆಳು ಲೋಹದ ಹಾಳೆ) ಅಚ್ಚನ್ನು ಒಂದು ದಿನ, ಸ್ಪ್ರಿಂಗ್‌ನದನ್ನು ಮರುದಿನ ಮುದ್ರಿಸಿದೆ. ಎರಡನೆಯ ಸಲ ಪ್ರಿಂಟರ್ 'ಪುಟಕ್ಕೆ ಹೊಂದಿಸು' ಎಂಬ ಆಯ್ಕೆಯಲ್ಲಿತ್ತು, ಚಿತ್ರ 97 ಶೇಕಡಾಕ್ಕೆ ಕುಗ್ಗಿತು. ಎರಡು ಪಿನ್ನುಗಳ ನಡುವಿನ 40 ಮಿ.ಮೀ. ಅಂತರ ಸ್ಪ್ರಿಂಗಿನಲ್ಲಿ 38.8 ಆಯಿತು. ಒಂದು ಪಿನ್ ಸಲೀಸಾಗಿ ಇಳಿಯಿತು, ಇನ್ನೊಂದು ಲೈನರ್ ದಾಟಿ ಸ್ಪ್ರಿಂಗಿನ ತೂತಿನ ಪಕ್ಕಕ್ಕೆ ಬಡಿದು ನಿಂತಿತು. ಎರಡು ಸಂಜೆಯ ಕೆಲಸ ಹಳೆ ಕಬ್ಬಿಣದ ಡಬ್ಬಕ್ಕೆ. ಈಗ ಪ್ರತಿ ಹಾಳೆಯ ಮೂಲೆಯಲ್ಲಿ 100 ಮಿ.ಮೀ. ಉದ್ದದ ಗೆರೆ ಎಳೆದಿರುತ್ತೇನೆ, ವರ್ನಿಯರ್ ಹಿಡಿದು ಅಳೆಯದೆ ಅಂಟು ಮುಟ್ಟುವುದಿಲ್ಲ.

ಲೇಸರ್‌ನಲ್ಲಿ ಕತ್ತರಿಸುವುದಾದರೆ ಕೀಲಿನ ತೂತನ್ನು ಬೇಕಾದುದಕ್ಕಿಂತ ಚಿಕ್ಕದಾಗಿ ಕೊಡಿ. ಆಮೇಲೆ ಡ್ರಿಲ್, ಕೊನೆಗೆ ತೂತನ್ನು ನಿಖರ ಅಳತೆಗೆ ತರುವ ರೀಮರ್. ಈ ಕೆಲಸ ಉಕ್ಕಿಗೆ ಹದ ಕೊಡುವ ಮೊದಲೇ ಮುಗಿಯಬೇಕು. ಗಡಸಾದ ಮೇಲೆ ಸಾಮಾನ್ಯ ಡ್ರಿಲ್ ಅದರ ಮೇಲೆ ಜಾರುತ್ತದೆ. ಅಲಗು ಗಡಸಾಗಿರಲಿ, ಸ್ಪ್ರಿಂಗ್ ಅದಕ್ಕಿಂತ ಮೆದುವಾಗಿರಲಿ, ಇಲ್ಲದಿದ್ದರೆ ಬಾಗುವ ಬದಲು ಮುರಿಯುತ್ತದೆ.

ನನ್ನ ನಕ್ಷೆಯಲ್ಲಿ ಅಲಗು, ಸ್ಪ್ರಿಂಗ್ ಎರಡರ ದಪ್ಪವೂ 2.5 ಮಿ.ಮೀ. ಹಾಗೆಯೇ ಪಿನ್ ಬಡಿದರೆ ಲೈನರ್‌ಗಳ ನಡುವೆ ಅಲಗು ಕಚ್ಚಿಕೊಳ್ಳುತ್ತದೆ. ಅಲಗಿನ ಬುಡವನ್ನು ಗಾಜಿನ ಮೇಲೆ ಹಾಸಿದ ಎಮರಿ ಕಾಗದಕ್ಕೆ ಉಜ್ಜಿ ಸ್ಪ್ರಿಂಗಿಗಿಂತ 0.05 ಮಿ.ಮೀ.ನಷ್ಟು ತೆಳುವಾಗಿಸುತ್ತೇನೆ. ನಾಲ್ಕು ಸುತ್ತು ಉಜ್ಜುವುದು, ಅಳೆಯುವುದು, ಮತ್ತೆ ಉಜ್ಜುವುದು.